ಬೆಂಕಿ ಕಟ್ಟೆಯ ಮೇಲೆ ಬ್ಯಾಡಗಿ ಮೆಣಸಿನಕಾಯಿ

ಬ್ಯಾಡಗಿ

ಅಮೆರಿಕಕ್ಕೆ ಹೋಗಿ ಬಂದವರೆಲ್ಲ ಆಕಾಶ ಮುಟ್ಟುವ ಕಟ್ಟಡ ನೋಡಿದೆವು ಎನ್ನುತ್ತಾರೆ. ನಾನು ನೋಡಿ ಬಂದದ್ದು ಮಣ್ಣಿನ ಮನೆ. ಹೀಗೆಂದು ಪೇಟೆಯಲ್ಲಿ ಹೇಳಿದ ದಿನ ಪಕ್ಕದ ಅಂಗಡಿಯ ಚನ್ನಪ್ಪ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟು, "ಅಲ್ರೀ ಸಾಹುಕಾರ್ರ, ಮಣ್ಣಿನ ಮನಿ ನೋಡಾಕ ವಿಮಾನ ಯಾಕ ಬೇಕಿತ್ರಿ? ಸೈಕಲ್ ತೊಗೊಂಡು ಮೋಟೆಬೆನ್ನೂರಿಗೆ ಹೋಗಿದ್ರ ಸಾಕಿತ್ತಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ ಬಿಡಿ. ಅವನು ನೋಡಿಲ್ಲ, ನಾನು ನೋಡಿದ್ದೇನೆ.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ನಮ್ಮ ಪೇಟೆಗೆ ಹೊರದೇಶದ ಖರೀದಿದಾರರು ಬರತೊಡಗಿದ್ದರು. ಅವರಿಗೆ ನಮ್ಮ ಕಾಯಿಯ ಖಾರ ಬೇಡ, ಬಣ್ಣ ಬೇಕು. ಅಂಥವರಲ್ಲಿ ವಾಲ್ಟರ್ ಒಬ್ಬ. ಆರಡಿ ಮೀರಿದ ಆಳು, ಬಿಳಿ ಮೀಸೆ. ಮೊದಲ ಸಲ ಬಂದಾಗ ಚೀಲಗಳ ನಡುವೆ ನಿಂತು ಸೀನಿ ಸೀನಿ ಕನ್ನಡಕವನ್ನೇ ಕೆಳಗೆ ಬೀಳಿಸಿಕೊಂಡಿದ್ದ. ಅವನನ್ನು ಅಂಗಡಿಯ ಒಳಗೆ ಕರೆದುಕೊಂಡು ಹೋಗಿ, ಮುಖ ತೊಳೆಸಿ, ಮಜ್ಜಿಗೆ ಕುಡಿಸಿ ಕೂಡಿಸಿದೆ. ಅವತ್ತಿನಿಂದ ದೋಸ್ತಿ ಬೆಳೆಯಿತು. ಅವನ ಹೆಂಡತಿ ರೂತ್ ಸಾಂಟಾ ಫೆ ಎಂಬ ಊರಿನ ಹೊರಗೆ, ಗುಡ್ಡದ ಮೇಲೆ, ಒಂದು ವಿಶ್ರಾಂತಿಧಾಮ ನಡೆಸುತ್ತಾಳೆ. ಅಲ್ಲಿ ನೋಡಲು ಗುಡಿಯಿಲ್ಲ, ಸಂತೆಯಿಲ್ಲ. ಶ್ರೀಮಂತರು ಸುಮ್ಮನೆ ಕೂಡುವುದಕ್ಕೆಂದೇ ಬರುತ್ತಾರೆ. "ನಿಮ್ಮ ಪೇಟೆ ತಣ್ಣಗಿರುವ ತಿಂಗಳಲ್ಲಿ ಗಂಡಹೆಂಡತಿ ಇಬ್ಬರೂ ಬನ್ನಿ, ನಮ್ಮ ಮನೆಯ ಅತಿಥಿಗಳಾಗಿ" ಎಂದು ವಾಲ್ಟರ್ ಮೂರು ಸೀಜನ್ ಬೆನ್ನು ಹತ್ತಿದ.

ನಾನು ಒಪ್ಪಿದ್ದು ಗಿರಿಜಾಳ ಸಲುವಾಗಿ. ಗಿರಿಜಾ ನನ್ನ ಹೆಂಡತಿ. ಕೆಲವು ವರ್ಷಗಳ ಹಿಂದೆ ಮನೆಯಲ್ಲಿ ಸೀಮೆಎಣ್ಣೆಯ ಪಂಪ್ ಸ್ಟೋ ಸಿಡಿದು ಅವಳ ಬಲಗೈ, ಭುಜ, ಕತ್ತಿನ ಒಂದು ಬದಿ ಸುಟ್ಟಿತ್ತು. ಆ ಕಾಲದಲ್ಲಿ ಮನೆಯ ಹೆಂಗಸಿಗೆ ಸ್ಟೋ ಸಿಡಿಯಿತು ಎಂದರೆ ಜನ ಮೊದಲು ಗಂಡನ ಮುಖ ನೋಡುತ್ತಿದ್ದರು. ಹುಬ್ಬಳ್ಳಿಯ ಆಸ್ಪತ್ರೆಗೆ ಬಂದ ಪೊಲೀಸರೂ ಕೇಳಿದರು. ಅಷ್ಟು ನೋವಿನಲ್ಲೂ ಅವಳು ಸಿಟ್ಟಿಗೆದ್ದು, "ಚಿಮಣಿ ಎಣ್ಣಿ ಹೆಚ್ಚು ಹಾಕಿದಾಕಿ ನಾನು. ಅವ್ರನ್ನ ಯಾಕ ಕೇಳ್ತೀರಿ?" ಎಂದು ಅವರನ್ನೇ ಗದರಿಸಿ ಕಳಿಸಿದ್ದಳು. ಅಂಥ ಗಟ್ಟಿ ಹೆಂಗಸು, ಗಾಯ ಮಾಗಿ ಮನೆಗೆ ಬಂದ ಮೇಲೆ ಬೆಂಕಿಕಡ್ಡಿ ಗೀರಿದ ಸಪ್ಪಳಕ್ಕೂ ಬೆಚ್ಚತೊಡಗಿದಳು.

ಮನೆಗೆ ಗ್ಯಾಸ್ ಬಂದರೂ ಒಲೆಯ ಮುಂದೆ ನಿಲ್ಲುವವಳು ನನ್ನ ಅಕ್ಕ ಶಾಂತಕ್ಕ. ಗಂಡ ತೀರಿಕೊಂಡ ಮೇಲೆ ಅವಳು ನಮ್ಮ ಜೊತೆಗೇ ಇದ್ದಾಳೆ. ಗಿರಿಜಾ ರೊಟ್ಟಿ ತಟ್ಟಿ ಕೊಟ್ಟರೆ ಅಕ್ಕ ಬೇಯಿಸುತ್ತಿದ್ದಳು. ಇದು ಹೇಗೋ ನಡೆಯುತ್ತಿತ್ತು. ನಡೆಯದೆ ಹೋದದ್ದು ಹೊರಗಿನ ಬದುಕು. ಮದುವೆಯಲ್ಲಿ ಹೋಮ ಇರುತ್ತದೆ, ಗುಡಿಯಲ್ಲಿ ಆರತಿ ಇರುತ್ತದೆ, ಹೋಳಿಹಬ್ಬಕ್ಕೆ ಓಣಿ ತುಂಬ ಬೆಂಕಿ. ಒಂದೊಂದಕ್ಕೂ ಬರುವುದಿಲ್ಲ ಎಂದು ಹೇಳುತ್ತ ಹೇಳುತ್ತ, ಕೊನೆಗೆ ಎಲ್ಲಿಗೂ ಬಾರದವಳಾದಳು. ಯಾರಾದರೂ ಮನೆಗೆ ಬಂದರೆ ಸೆರಗನ್ನು ಕತ್ತಿನ ತನಕ ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಹೊರಡುವ ದಿನ ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದು, "ತಮ್ಮಾ, ಆ ಊರು ಈ ಊರು ನೋಡೋದು ಹಂಗಿರಲಿ. ಆಕೀನ ನಾಕ ಮಂದ್ಯಾಗ ಕುಂದ್ರಿಸಿ ಕರ್ಕೊಂಡು ಬಾ. ಅಷ್ಟ ಆದ್ರ ಸಾಕು" ಎಂದಳು. ನನಗೆ ಬೇಕಾದದ್ದೂ ಅಷ್ಟೇ.

ನ್ಯೂಯಾರ್ಕ್

ವಾಲ್ಟರನ ಮನೆಗೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಅಕ್ಕ ಅಂಗಡಿಯ ಒಳ್ಳೆಯ ಮೆಣಸಿನಕಾಯಿ ಆರಿಸಿ, ತೊಟ್ಟು ಸಮೇತ, ಬಿಳಿ ಅರಿವೆಯ ಚೀಲದಲ್ಲಿ ಕಟ್ಟಿ ಕೊಟ್ಟಿದ್ದಳು. ನಮ್ಮ ಅರಿವೆಗಳಿಗೆಲ್ಲ ಅದರ ವಾಸನೆ ಹತ್ತಿತ್ತು. ನಮಗೆ ಅದು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಅದೇ ಗಾಳಿ. ನ್ಯೂಯಾರ್ಕಿನ ಕಸ್ಟಮ್ಸಿನವರಿಗೆ ಮಾತ್ರ ದೂರದಿಂದಲೇ ಗೊತ್ತಾಯಿತು. ಒಬ್ಬ ದಪ್ಪನೆಯ ಅಧಿಕಾರಿ ಪೆಟ್ಟಿಗೆ ತೆಗೆಸಿ, ಚೀಲದ ಬಾಯಿ ಬಿಚ್ಚಿ, ಇದೇನು ಎಂದ.

ನಾನು ನನ್ನ ವ್ಯಾಪಾರದ ಇಂಗ್ಲಿಷಿನಲ್ಲಿ ಹೇಳಿದೆ: ಇದು ಮೆಣಸಿನಕಾಯಿ, ಖಾರ ಕಡಿಮೆ, ಬಣ್ಣ ಬಹಳ. ಅವನಿಗೆ ನಂಬಿಕೆ ಬರಲಿಲ್ಲ. ಸುಕ್ಕು ಸುಕ್ಕಾದ ಕಾಯಿಗಳನ್ನು ಬೆರಳಲ್ಲಿ ತಿರುವಿದ, ಚೀಲವನ್ನು ಮೂಗಿನ ಹತ್ತಿರ ತಂದ. ಗಿರಿಜಾ ನನ್ನ ತೋಳು ಜಗ್ಗಿ, "ಮೂಸಬ್ಯಾಡ ಅನ್ರಿ ಅವಗ! ತಳದಾಗ ಪುಡಿ ಕುಂತಿರತೈತಿ" ಎಂದಳು. ನಾನು ಇಂಗ್ಲಿಷ್ ಶಬ್ದ ಹುಡುಕುವುದರೊಳಗೆ ಅವನು ಜೋರಾಗಿ ಒಳಗೆ ಎಳೆದುಕೊಂಡುಬಿಟ್ಟಿದ್ದ.

ಆಮೇಲಿನದನ್ನು ಏನು ಹೇಳಲಿ? ಪಾಪ, ಟೋಪಿ ತೆಗೆದಿಟ್ಟು ಸೀನಿದ. ಪಕ್ಕದ ಮೇಜಿನವರೂ ಎದ್ದು ಬಂದರು. ನಮ್ಮನ್ನು ಒಳಗೆ ಹಾಕುತ್ತಾರೇನೋ ಎಂದು ನಾನು ಪಾಸ್‌ಪೋರ್ಟ್ ಮುಂದೆ ಹಿಡಿದು ನಿಂತೆ. ಅವನು ಕಣ್ಣೊರೆಸಿಕೊಂಡು ಚೀಲದ ಬಾಯನ್ನು ತಾನೇ ಗಟ್ಟಿಯಾಗಿ ಕಟ್ಟಿ, ಹೋಗಿ ಎಂದು ಕೈ ಮಾಡಿದ. ಗಿರಿಜಾ ನಗು ತಡೆಯಲಾರದೆ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು, ಟಿಕೆಟ್ಟಿನ ದುಡ್ಡು ಅಲ್ಲಿಗೇ ವಸೂಲಾಯಿತು ಎನಿಸಿತು.

ಸಾಂಟಾ ಫೆಯ ಗುಡ್ಡ

ನ್ಯೂಯಾರ್ಕಿನಿಂದ ಇನ್ನೊಂದು ವಿಮಾನ ಹತ್ತಿ ಇಳಿದಾಗ ವಾಲ್ಟರ್ ತಾನೇ ಕಾರು ತಂದಿದ್ದ. ಕೆಂಪು ಮಣ್ಣು, ಕುರುಚಲು ಗಿಡ, ದೂರದಲ್ಲಿ ಬೋಳು ಗುಡ್ಡ. "ಅಯ್ಯ, ಇದು ದೇವರಗುಡ್ಡದ ಕಡಿ ಇದ್ದಂಗ ಐತಲ್ರಿ!" ಎಂದು ಗಿರಿಜಾ ಕಿಟಕಿಗೆ ಮುಖ ಹಚ್ಚಿದಳು. ಖರೇ, ಹಾಗೇ ಇತ್ತು. ಆಕಾಶ ಮಾತ್ರ ಅಲ್ಲಿ ಇನ್ನೂ ಅಗಲ, ಇನ್ನೂ ನೀಲಿ.

ಕಾರು ನಿಂತಿತು. ನಾನು ಕಣ್ಣು ಪಿಳಿಪಿಳಿ ಬಿಡುತ್ತ ನಿಂತೆ. ಎದುರಿಗಿದ್ದದ್ದು ಮಣ್ಣಿನ ಗೋಡೆಯ, ಮಟ್ಟಸ ಮಾಳಿಗೆಯ ಮನೆಗಳು. ಗೋಡೆಯ ಮೂಲೆಗಳು ಕೈಯಿಂದ ಸವರಿದಂತೆ ದುಂಡಗೆ. ಮಾಳಿಗೆಯಿಂದ ತೊಲೆಗಳ ತುದಿ ಹೊರಗೆ ಚಾಚಿದ್ದವು, ಮಳೆನೀರು ಹೋಗಲು ಕಟ್ಟಿಗೆಯ ದೋಣಿ ಇತ್ತು. ಮಣ್ಣಿಗೆ ಹುಲ್ಲು ಕಲಸಿ ಬಳಿದದ್ದು ಬಿಸಿಲಲ್ಲಿ ಹೊಳೆಯುತ್ತಿತ್ತು. ನಮ್ಮ ಅಪ್ಪನ ಮನೆ ಥೇಟ್ ಹೀಗೇ ಇತ್ತು. ಅದನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸಿ, ಬೇಸಿಗೆಯಲ್ಲಿ ಬೆಂದು, ಅದನ್ನು ತಂಪು ಮಾಡಲು ಕೂಲರ್ ತಂದ ಜಾಣ ನಾನು. ಇಲ್ಲಿ ಕೋಟ್ಯಧೀಶರು ಸಾಲುಗಟ್ಟಿ ಬಂದು ಮಣ್ಣಿನ ಕೋಣೆಯಲ್ಲಿ ಮಲಗಲು ಒಂದು ವರ್ಷ ಮೊದಲೇ ಹೇಳಿಡುತ್ತಾರಂತೆ.

ಅದಕ್ಕಿಂತ ದೊಡ್ಡ ಸೋಜಿಗ ಬಾಗಿಲ ಬದಿಯಲ್ಲಿತ್ತು. ಆಳೆತ್ತರದ ಕೆಂಪು ಮೆಣಸಿನಕಾಯಿ ಸರಗಳು! ಪ್ರತಿ ಬಾಗಿಲಿಗೂ ಒಂದೊಂದು. ಈ ಸೀಮೆಯಲ್ಲಿ ಮೆಣಸಿನಕಾಯಿ ಎಂದರೆ ಬೆಳೆಯೂ ಹೌದು, ಮನೆಯ ಶೃಂಗಾರವೂ ಹೌದು ಎಂದ ವಾಲ್ಟರ್. ನಾನು ಹತ್ತಿರ ಹೋಗಿ ಒಂದು ಕಾಯಿ ಮುರಿದು ನೋಡಿದೆ. ದಲಾಲಿಯ ಕೈ ಸುಮ್ಮನಿರಬೇಕಲ್ಲ. ನಮ್ಮದಕ್ಕಿಂತ ನುಣುಪು, ಬಣ್ಣದಲ್ಲಿ ನಮ್ಮದರ ಸಮ ಬಾರದು. ಆದರೂ ಪರದೇಶದಲ್ಲಿ ತವರಿನ ಮಂದಿ ಸಿಕ್ಕಂತಾಯಿತು.

ಇಷ್ಟರಲ್ಲಿ ಗಿರಿಜಾಳ ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿಯಿತು. ಅವಳು ನೋಡುತ್ತಿದ್ದದ್ದು ಅಂಗಳವನ್ನು. ಅಂಗಳದ ನಡುವೆ ಕಲ್ಲು ಕಟ್ಟಿದ ದೊಡ್ಡ ಬೆಂಕಿಗುಂಡಿ. ಗೋಡೆಗಳಲ್ಲಿ ಜೇನುಗೂಡಿನಂಥ ಮಣ್ಣಿನ ಒಲೆಗಳು. ನೀರಿನ ಕೊಳದ ದಂಡೆಯುದ್ದಕ್ಕೂ ಕಬ್ಬಿಣದ ಬೋಗುಣಿಗಳಲ್ಲಿ ಕಟ್ಟಿಗೆ ಪೇರಿಸಿ ಸಂಜೆಗೆ ಸಿದ್ಧಮಾಡಿ ಇಟ್ಟಿದ್ದರು. ಕೋಣೆಯೊಳಗೆ ಹೋದರೆ ಹಾಸಿಗೆಯ ಎದುರಿಗೇ ಇನ್ನೊಂದು ಒಲೆ! ಬೆಂಕಿ ಕಾಸುವುದೇ ಇಲ್ಲಿನ ಹೆಸರಾದ ಸುಖ ಎಂಬುದನ್ನು ವಾಲ್ಟರ್ ಮೂರು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆಯುವುದಾದರೂ ಹೇಗೆ?

"ಎಲ್ಲಿಗೆ ಕರ್ಕೊಂಡು ಬಂದ್ರಿ ನನ್ನ?" ಎಂದಳು ಗಿರಿಜಾ. ಸಿಟ್ಟಿರಲಿಲ್ಲ, ದನಿ ಸಣ್ಣಗಾಗಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮೊದಲ ಸಂಜೆ

ಪಡುವಣ ದಿಕ್ಕಿಗೆ ಗುಡ್ಡದ ಅಂಚಿನಲ್ಲಿ ಹಾಸುಗಲ್ಲಿನ ವಿಶಾಲ ಕಟ್ಟೆ. ಹೊತ್ತು ಮುಳುಗುವ ಮುಂಚೆ ಎಲ್ಲ ಕೋಣೆಗಳಿಂದ ಜನ ಒಬ್ಬೊಬ್ಬರಾಗಿ ಬಂದು ಅಲ್ಲಿ ಕೂಡುತ್ತಾರೆ. ಕುರ್ಚಿಗಳನ್ನು ಇಟ್ಟ ಚಂದ ನೋಡಬೇಕು: ಒಬ್ಬರ ತಲೆ ಇನ್ನೊಬ್ಬರ ಸೂರ್ಯನಿಗೆ ಅಡ್ಡ ಬರುವುದಿಲ್ಲ. ಯಾರೂ ಜೋರಾಗಿ ಮಾತಾಡುವುದಿಲ್ಲ. ಕಟ್ಟೆಯ ನಡುವೆಯೂ ಒಂದು ಬೆಂಕಿಗುಂಡಿ, ಅದರಲ್ಲಿ ಅಲ್ಲಿಯದೇ ಒಂದು ಗಿಡದ ಕಟ್ಟಿಗೆ ಉರಿಯುತ್ತದೆ. ಅದರ ಹೊಗೆ ಗುಡಿಯ ಧೂಪದಂತೆ ಮೂಗಿಗೆ ಹಿತ. ಮೇಲೆ ಚಳಿ, ಕಾಲ ಬಳಿ ಕಾವು, ಎದುರಿಗೆ ಗುಡ್ಡಗಳ ಬೆನ್ನು ಕೆಂಪಾಗಿ, ಜಾಂಬಳಿಯಾಗಿ, ಕಪ್ಪಾಗುವುದು. ನಾನೂ ಬದುಕಿನಲ್ಲಿ ಹೊತ್ತು ಮುಳುಗುವುದನ್ನು ನೋಡಿದ್ದೇನೆ, ಆದರೆ ಗುತ್ತಲದ ಬಸ್ಸಿನ ಕಿಟಕಿಯಿಂದಲೋ, ಹೆದ್ದಾರಿಯ ಲಾರಿಯ ಧೂಳಿನೊಳಗಿಂದಲೋ. ಕೂತು, ಅದಕ್ಕೆಂದೇ ಹೊತ್ತು ಕೊಟ್ಟು ನೋಡಿದ್ದು ಅದೇ ಮೊದಲು.

ಸೂರ್ಯನ ಕೊನೆಯ ಅಂಚು ಜಾರಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು! ಒಳ್ಳೆ ನಾಟಕ ಮುಗಿದಂತೆ. ನನಗೆ ನಗು ಬಂತು, ಆಮೇಲೆ ಇಷ್ಟವೂ ಆಯಿತು. ದಿನಾ ಪುಕ್ಕಟೆ ಬರುವ ಸೂರ್ಯನಿಗೆ ಯಾರಾದರೂ ಶಾಬಾಸ್ ಹೇಳಿದ್ದುಂಟೇ?

ಅಷ್ಟರಲ್ಲಿ ಕಟ್ಟೆಯ ದೀಪ ಹತ್ತಿದವು. ಅಂಗಡಿಯಲ್ಲಿ ಸಂಜೆ ಬಲ್ಬಿನ ಗುಂಡಿ ಒತ್ತಿ ಕೈ ಮುಗಿಯುವುದು ನನ್ನ ರೂಢಿ. ಕೈಗಳು ತಾವಾಗಿ ಎದ್ದು ಜೋಡಿಕೊಂಡವು. ದೀಪದ ಕೆಳಗೆ ಕೂತಿದ್ದ ಹಿರಿಯ ಹೆಂಗಸೊಬ್ಬಳು ತನಗೇ ಎಂದು ತಿಳಿದು, ಎದ್ದು ನಿಂತು, ನಡು ಬಗ್ಗಿಸಿ ತಾನೂ ಕೈ ಮುಗಿದಳು. ಅವಳ ಗಂಡನೂ ಮುಗಿದ. ಮರುದಿನದಿಂದ ದೀಪ ಹತ್ತಿದ ಕೂಡಲೇ ಆ ಇಬ್ಬರೂ ನನ್ನ ಕಡೆ ತಿರುಗಿ ಕೈ ಮುಗಿಯತೊಡಗಿದರು, ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ನನ್ನ ಪಕ್ಕದ ಕುರ್ಚಿ ಖಾಲಿ ಇತ್ತು. ರೂತ್ ಬಂದು, ನಿಮ್ಮ ಹೆಂಡತಿ ಎಲ್ಲಿ ಎಂದು ಕೇಳಿದಳು. ತಲೆನೋವು ಎಂದು ಹೇಳಬಹುದಿತ್ತು. ಆದರೆ ಆ ಹೆಂಗಸಿನ ಮುಖದಲ್ಲಿ ಏನೋ ಒಂದು ಕಕ್ಕುಲಾತಿ ಇತ್ತು, ನಾನು ನಿಜವನ್ನೇ ಹೇಳಿದೆ. ರೂತ್, "ನೀವು ಇರುವಷ್ಟು ದಿನ ಕಟ್ಟೆಯ ಮೇಲೆ ಬೆಂಕಿ ಹಾಕುವುದಿಲ್ಲ. ಅವರನ್ನು ಕರೆಯಿರಿ" ಎಂದಳು. ಬೆಂಕಿಗೆಂದೇ ಅಷ್ಟು ದೂರದಿಂದ ಬಂದ ಅತಿಥಿಗಳ ನಡುವೆ ನಿಂತು ಆಡಿದ ಮಾತು ಇದು. ದೊಡ್ಡ ಮನಸ್ಸು ಎಂದರೆ ಇದೇ.

ನಾನು ಓಡಿಹೋಗಿ ಗಿರಿಜಾಗೆ ಹೇಳಿದೆ. ಅವಳು ಮಂಚದ ಮೇಲೆ ಒಲೆಗೆ ಬೆನ್ನು ಮಾಡಿ ಕೂತಿದ್ದಳು. ಗಾಬರಿಯಿಂದ ಎದ್ದು, "ಬ್ಯಾಡ ಬ್ಯಾಡ ಅನ್ರಿ! ನನ್ನ ಸಲುವಾಗಿ ಇನ್ನೊಬ್ರ ಮನಿ ಒಲಿ ಆರಸೂದಾ? ಯಾವ ಜನ್ಮಕ್ಕ ಬೇಕು ಆ ಪಾಪ? ನಾನು ಒಳಗ ಆರಾಮ ಅದೇನಿ, ನೀವು ಹೋಗಿ ಕುಂದ್ರಿ" ಎಂದಳು. ನಮ್ಮಲ್ಲಿ ಉರಿಯುವ ಒಲೆಗೆ ನೀರು ಹಾಕುವುದಿಲ್ಲ, ಅದೂ ಉಣ್ಣಲು ಕರೆದವರ ಒಲೆಗೆ. ಅವಳನ್ನು ಎಷ್ಟು ಬೇಡಿಕೊಂಡರೂ ಆ ಮಾತು ಬದಲಾಗಲಿಲ್ಲ.

ಹಗಲಿನ ಗಿರಿಜಾ

ಹಗಲು ಹೊತ್ತು ಅವಳು ಬೇರೆಯೇ ಹೆಂಗಸು. ಗುಡ್ಡ ಹತ್ತಿದಳು, ರೂತಳ ಜೊತೆ ಗಿಡಗಳಿಗೆ ನೀರು ಹಾಕಿದಳು. ಊಟಕ್ಕೆ ಒಂದು ದಿನ ನೀಲಿ ಬಣ್ಣದ ಮೆಕ್ಕೆಜೋಳದ ರೊಟ್ಟಿ ಬಂದವು. ನಾನು ಈ ಬಣ್ಣ ನೋಡಿ ಹಿಂಜರಿದರೆ ಅವಳು ಒಂದು ತುಂಡು ಬಾಯಿಗೆ ಹಾಕಿಕೊಂಡು, "ಸಜ್ಜಿ ರೊಟ್ಟಿ ತಿಂದಂಗ ಆಗತೈತಿ, ತಿನ್ರಿ ಸುಮ್ನ" ಎಂದಳು. ಅಡುಗೆಯವರು ಹಿಟ್ಟನ್ನು ಎರಡೂ ಅಂಗೈ ನಡುವೆ ತಟ್ಟುವುದನ್ನು ನೋಡಿ, ತಾನೂ ಒಂದು ಉಂಡೆ ಇಸಿದುಕೊಂಡು ಹಲಗೆಯ ಮೇಲೆ ನಮ್ಮ ರೀತಿಯಲ್ಲಿ ತಟ್ಟಿ ತೋರಿಸಿದಳು. ಚಂದ್ರನಂಥ ರೊಟ್ಟಿ! ಅಲ್ಲಿದ್ದವರೆಲ್ಲ ಹೋ ಎಂದರು. ಹಂಚಿಗೆ ಹಾಕುವ ಹೊತ್ತಿಗೆ ಮಾತ್ರ ಅದನ್ನು ಅವರ ಕೈಗೆ ಕೊಟ್ಟು ಹಿಂದೆ ಸರಿದಳು.

ಅಲ್ಲಿ ಊಟಕ್ಕೆ ಕೂತವರಿಗೆ ಬಡಿಸುವವರು ಮೊದಲು ಕೇಳುವುದು, ಮೆಣಸಿನಕಾಯಿ ಕೆಂಪೋ ಹಸಿರೋ ಎಂದು. ನನ್ನನ್ನು ಕೇಳಿದ್ದೇ ತಡ, "ಕೆಂಪು!" ಎಂದು ಕೂಗಿದೆ. ಹಸಿರು ಎಂದು ಹೇಳಿ ಬ್ಯಾಡಗಿ ಪೇಟೆಗೆ ಮುಖ ತೋರಿಸುವುದು ಹೇಗೆ?

ಆದರೆ ಬಿಸಿಲು ಹಳದಿಯಾಗುತ್ತಿದ್ದಂತೆ ಗಿರಿಜಾಳ ಮಾತು ಕಡಿಮೆಯಾಗುತ್ತಿತ್ತು. ಕಟ್ಟಿಗೆ ತರುವವರ ಹೆಜ್ಜೆ ಕೇಳಿದರೆ ಕೋಣೆ ಸೇರಿ ಕದ ಹಾಕಿಕೊಳ್ಳುತ್ತಿದ್ದಳು. ಹೀಗೇ ವಾಪಸಾದರೆ ಇನ್ನು ಅವಳನ್ನು ಎಲ್ಲಿಗಾದರೂ ಕರೆಯುವ ಧೈರ್ಯ ನನಗೇ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಸ್ವರ್ಗದಂಥ ಆ ಕಟ್ಟೆಯ ಮೇಲೆ ಕೂತು ನಾನು ಸೂರ್ಯನನ್ನು ನೋಡಿದ್ದಕ್ಕಿಂತ ನಮ್ಮ ಕೋಣೆಯ ಬಾಗಿಲನ್ನು ನೋಡಿದ್ದೇ ಹೆಚ್ಚು.

ಸಂಜೆ ಒಳಗೆ ಉಳಿಯುವವರು ಇನ್ನಿಬ್ಬರಿದ್ದರು. ರೂತಳ ಮಗಳು ಸೂಸನ್, ಮತ್ತು ಅವಳ ಎಳೆಗೂಸು. ಹಗಲೆಲ್ಲ ನಗುವ ಕೂಸು ಹೊತ್ತು ಮುಳುಗುವ ಹೊತ್ತಿಗೆ ಸರಿಯಾಗಿ ಅಳಲು ಶುರು ಮಾಡುತ್ತಿತ್ತು. ಕೈಕಾಲು ಸೆಟೆದು, ಮುಖ ಕೆಂಪಗಾಗಿ, ಉಸಿರು ಕಟ್ಟಿ ಅಳುವುದು. ಅತಿಥಿಗಳಿಗೆ ಕೇಳಬಾರದೆಂದು ಸೂಸನ್ ಅದನ್ನೆತ್ತಿಕೊಂಡು ನಮ್ಮ ಕೋಣೆಯ ಮುಂದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಳು. ಗಿರಿಜಾ ಕದ ತೆಗೆದು ಕೂಸನ್ನು ಇಸಿದುಕೊಂಡಳು. ಒಬ್ಬಳಿಗೆ ಕನ್ನಡ ಬಾರದು, ಒಬ್ಬಳಿಗೆ ಇಂಗ್ಲಿಷ್ ಬಾರದು. ದಿನಾ ಸಂಜೆ ಇಬ್ಬರೂ ಪಾಳಿಯ ಮೇಲೆ ಕೂಸನ್ನು ಹೊತ್ತು ತಿರುಗುತ್ತಿದ್ದರು.

ಘಾಟು ಎದ್ದ ಸಂಜೆ

"ಹೊತ್ತು ಮುಳುಗೂದಕ್ಕ ಸರಿಯಾಗಿ ಅಳತೈತಿ ಅಂದ್ರ ಇದು ದೃಷ್ಟೀನ ರೀ" ಎಂದು ಗಿರಿಜಾ ಒಂದು ಸಂಜೆ ಖಚಿತವಾಗಿ ಹೇಳಿದಳು. "ಅಷ್ಟು ಚಂದ ಐತಿ ಕೂಸು. ಬಂದ ಮಂದಿ ಎಲ್ಲಾ ನೋಡೇ ನೋಡ್ತಾರ. ಒಂದು ಕಪ್ಪು ಬೊಟ್ಟು ಸೈತ ಇಟ್ಟಿಲ್ಲ."

ನಾನು ನಕ್ಕೆ. ಅವಳು ನಗಲಿಲ್ಲ. ವಾಲ್ಟರನಿಗೆ ಕೊಡುವಾಗ ಒಂದು ಹಿಡಿ ಉಳಿಸಿಕೊಂಡಿದ್ದ ಮೆಣಸಿನಕಾಯಿಯಲ್ಲಿ ಐದನ್ನು ಆರಿಸಿದಳು. ಊಟದ ಮೇಜಿನಿಂದ ಉಪ್ಪು ತಂದಳು. ಕೂಸನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುವಂತೆ ಸೂಸನ್‌ಗೆ ಸನ್ನೆ ಮಾಡಿ, ಮುಷ್ಟಿಯನ್ನು ಕೂಸಿನ ತಲೆಯಿಂದ ಕಾಲಿನ ತನಕ ನಿವಾಳಿಸಿದಳು. ಸೂಸನ್ ಕಣ್ಣು ಬಿಟ್ಟು ನೋಡುತ್ತಿದ್ದಳು, ಆದರೆ ಬೇಡ ಎನ್ನಲಿಲ್ಲ. ಅಳುವ ಕೂಸಿನ ತಾಯಿ ಯಾವ ದೇಶದವಳಾದರೂ ಯಾವುದಕ್ಕೂ ತಯಾರು.

ನಿವಾಳಿಸಿ ಮುಗಿದ ಮೇಲೆ ಗಿರಿಜಾ ಮುಷ್ಟಿ ಬಿಗಿಹಿಡಿದು ನಿಂತುಬಿಟ್ಟಳು. ಇದನ್ನು ಬೆಂಕಿಗೆ ಹಾಕಬೇಕು. ನಿವಾಳಿಸಿದವರೇ ಹಾಕಬೇಕು, ಕೈ ಬದಲಾಗುವಂತಿಲ್ಲ. ಊರಲ್ಲಾದರೆ ಈ ಕೆಲಸ ಅಕ್ಕನದು, ಹಾಗಾಗಿ ಅವಳಿಗೆ ಅಲ್ಲಿಯವರೆಗೆ ಇದು ಹೊಳೆದೇ ಇರಲಿಲ್ಲ. ನಾನು ಕೈ ಚಾಚಿ, "ಕೊಡು ಇಲ್ಲಿ, ನಾನು ಹಾಕಿ ಬರ್ತೇನಿ" ಎಂದೆ. ತಲೆ ಅಲ್ಲಾಡಿಸಿದಳು, ಆ ಹೊತ್ತಿನಲ್ಲಿ ಮಾತಾಡುವಂತೆಯೂ ಇಲ್ಲ. ಕೂಸು ಕಿರುಚಿ ಕಿರುಚಿ ದನಿ ಒಡೆದಿತ್ತು. ಗಿರಿಜಾ ಅದರ ಮುಖ ನೋಡಿದಳು, ಕಟ್ಟೆಯ ಬೆಂಕಿ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದಳು.

ನಾನು ಹಿಂದೆ ಹಿಂದೆ ಹೋದೆ. ಕಟ್ಟೆಯ ಮೇಲೆ ಎಲ್ಲರೂ ಮೌನವಾಗಿ ಪಡುವಣ ನೋಡುತ್ತಿದ್ದರು. ಗಿರಿಜಾ ಬೆಂಕಿಯಿಂದ ಬಹಳ ದೂರದಲ್ಲೇ ನಿಂತಳು. ಕಣ್ಣು ಮುಚ್ಚಿ ಎಸೆದಳು. ಎರಡು ಕಾಯಿ ಹಾಸುಗಲ್ಲಿನ ಮೇಲೆ ಬಿದ್ದವು, ಮೂರು ಬೆಂಕಿಗೆ ಬಿದ್ದವು. ಬಿದ್ದ ಎರಡನ್ನು ಹಾಗೇ ಬಿಡಲು ಬರುವುದಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಹೆಕ್ಕಿ, ಈ ಸಲ ಕಣ್ಣು ತೆರೆದುಕೊಂಡೇ ಹಾಕಿ, ಹಿಂತಿರುಗಿ ನೋಡದೆ ಬಂದುಬಿಟ್ಟಳು.

ಆಮೇಲೆ ಎದ್ದಿತು ನೋಡಿ ಘಾಟು! ಖಾರ ಕಡಿಮೆ ಎಂದು ನಾನು ಕಸ್ಟಮ್ಸಿನವನಿಗೆ ಹೇಳಿದ್ದು ತಿನ್ನುವಾಗಿನ ಮಾತು, ಸುಡುವಾಗಿನದಲ್ಲ. ಮೊದಲು ನನಗೆ ಕೈ ಮುಗಿಯುವ ಹಿರಿಯ ದಂಪತಿ ಕೆಮ್ಮಿದರು. ಆಮೇಲೆ ಸಾಲು ಸಾಲಾಗಿ ಎಲ್ಲರೂ. ರೇಷ್ಮೆಯ ಶಾಲಿನವರು, ಉಣ್ಣೆಯ ಕೋಟಿನವರು, ಮೂಗು ಬಾಯಿ ಮುಚ್ಚಿಕೊಂಡು ಎದ್ದು ಓಡಿದರು. ಅವತ್ತು ಸೂರ್ಯನಿಗೆ ಚಪ್ಪಾಳೆ ತಟ್ಟಲು ಕಟ್ಟೆಯ ಮೇಲೆ ಒಬ್ಬರೂ ಇರಲಿಲ್ಲ. ವಾಲ್ಟರ್ ಕಣ್ಣಲ್ಲಿ ಧಾರಾಕಾರ ನೀರು ಸುರಿಸುತ್ತ, ಬಿದ್ದು ಬಿದ್ದು ನಗುತ್ತ, "ಬ್ಯಾಡಗಿ! ಬ್ಯಾಡಗಿ!" ಎಂದು ಕೂಗುತ್ತಿದ್ದ. ರೂತ್ ನಗಲಿಲ್ಲ. ಏನಾಯಿತು ಎಂದು ನನ್ನನ್ನು ಗಡುಸಾಗಿಯೇ ಕೇಳಿದಳು.

ನಾನು ತಡವರಿಸುತ್ತ ವಿವರಿಸಿದೆ. ಗಿರಿಜಾ ನಡುವೆ ಬಾಯಿ ಹಾಕಿ, "ಅವರಿಗೆ ಹೇಳ್ರಿ, ಕೂಸಿಗೆ ದೃಷ್ಟಿ ಆಗಿಲ್ಲಂತ. ದೃಷ್ಟಿ ಆಗಿದ್ರ ಘಾಟು ಬರತಿರಲಿಲ್ಲ. ಇಷ್ಟು ಮಂದಿ ಕೆಮ್ಮಿದ್ರು ಅಂದ ಮ್ಯಾಲ ಬ್ಯಾರೇ ಏನೋ ಐತಿ. ಹೊಟ್ಟ್ಯಾಗ ಗಾಳಿ ಸೇರಿರಬೇಕು. ಲಗೂನ ಡಾಕ್ಟರಿಗೆ ತೋರ್ಸ್ರಿ" ಎಂದಳು. ಇದನ್ನು ಇಂಗ್ಲಿಷಿಗೆ ತಿರುಗಿಸುವುದರೊಳಗೆ ನನಗೆ ಬೆವರು ಬಂತು. ಇಷ್ಟು ಗದ್ದಲ ಎಬ್ಬಿಸಿ, ದೃಷ್ಟಿಯೇ ಇಲ್ಲ ಎಂದು ಹೇಳುವುದು ಹೇಗೆ? ಹೇಗೋ ಹೇಳಿದೆ. ರೂತ್ ಅರೆಗಳಿಗೆ ನನ್ನನ್ನೂ ಅವಳನ್ನೂ ನೋಡಿದಳು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ.

ಕಡೆಯ ಸಂಜೆ

ಸೂಸನ್ ಕೂಸನ್ನು ಊರ ಡಾಕ್ಟರಿಗೆ ತೋರಿಸಿ ಬಂದಳು. ಹೊಟ್ಟೆಯಲ್ಲಿ ಗಾಳಿ ಸೇರುವುದು ಈ ವಯಸ್ಸಿನಲ್ಲಿ ಸಾಮಾನ್ಯ, ಹೆದರಬೇಡಿ, ಹೊಟ್ಟೆಗೆ ಸ್ವಲ್ಪ ಬೆಚ್ಚಗೆ ಶಾಖ ಕೊಡಿ ಎಂದರಂತೆ. "ನಾ ಏನ್ ಹೇಳಿದ್ದೆ?" ಎಂದು ಗಿರಿಜಾ ಹುಬ್ಬು ಹಾರಿಸಿದಳು. ಸೂಸನ್ ಬಿಸಿನೀರಿನ ರಬ್ಬರ್ ಚೀಲ ತಂದಳು. ಗಿರಿಜಾ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. ಎಳೆಗೂಸಿನ ಹೊಟ್ಟೆಗೆ ಅಷ್ಟು ಭಾರ ಹೇರುವುದೇ? ನಮ್ಮಲ್ಲಿ ಮೆತ್ತನೆಯ ಹಳೆ ಅರಿವೆಯನ್ನು ಮಡಚಿ, ಕೆಂಡದ ಕಾವಿಗೆ ಹಿಡಿದು, ತನ್ನ ಕೆನ್ನೆಗೆ ಹಚ್ಚಿ ನೋಡಿ, ಆಮೇಲೆ ಕೂಸಿನ ಹೊಟ್ಟೆಯ ಮೇಲಿಡುತ್ತಾರೆ. ಆರಿತೆಂದರೆ ಮತ್ತೆ ಕಾಸಬೇಕು. ದೂರದಿಂದ ಎಸೆದು ಓಡಿ ಬರುವ ಕೆಲಸವಲ್ಲ ಇದು, ಬೆಂಕಿಯ ಮಗ್ಗುಲಲ್ಲೇ ಕೂಡಬೇಕು.

"ರೂತ್ ಕಾಸ್ತಾಳ, ಇಲ್ಲಾಂದ್ರ ನಾ ಕಾಸ್ತೇನಿ. ನೀ ಇಲ್ಲೇ ಕೂಸಿನ ಹತ್ರ ಇರು" ಎಂದೆ.

"ಎಷ್ಟು ಕಾವು ಇರಬೇಕು ಅನ್ನೋದು ನಿಮಗೇನು ಗೊತ್ತು? ಸುಟ್ಟೀರಿ ಕೂಸಿನ್ನ" ಎಂದಳು. ಸುಡುವುದೆಂದರೇನು ಎಂದು ಆ ಮನೆಯಲ್ಲಿ ಅವಳಷ್ಟು ಬಲ್ಲವರು ಯಾರಿದ್ದರು?

ಅವಳು ತನ್ನದೊಂದು ಹಳೆಯ ನೂಲಿನ ಸೀರೆಯ ಅಂಚು ಹರಿದು, ಮಡಚಿಕೊಂಡು ಹೊರಗೆ ಬಂದಳು. ಸೂಸನ್ ಕೂಸನ್ನು ಎತ್ತಿಕೊಂಡು ಜೊತೆಗೆ ಬಂದಳು. ಕಟ್ಟೆಯ ಮೇಲಿದ್ದವರು ಗಿರಿಜಾಳನ್ನು ನೋಡಿ ಒಂದು ಕ್ಷಣ ಮೂಗಿನ ಕಡೆಗೆ ಕೈ ಒಯ್ದರು, ಈ ಸಲ ಅವಳ ಕೈಯಲ್ಲಿ ಅರಿವೆ ಮಾತ್ರ ಇದ್ದದ್ದನ್ನು ಕಂಡು ನಕ್ಕು, ಜಾಗ ಮಾಡಿಕೊಟ್ಟರು. ಬೆಂಕಿಗುಂಡಿಯ ಸುತ್ತಲಿನ ಕಲ್ಲಿನ ದಂಡೆಯ ಮೇಲೆ ಅವಳು ಮೆಲ್ಲಗೆ ಕೂತಳು. ನಾನು ಅವಳಿಗೆ ಒತ್ತಿಕೊಂಡು, ಉರಿಯ ಕಡೆಗೆ ಕೂತೆ. ಅವಳ ಉಸಿರು ಜೋರಾಗಿ ಓಡುತ್ತಿರುವುದು ನನಗೆ ಕೇಳಿಸುತ್ತಿತ್ತು. ಕಟ್ಟಿಗೆಯೊಂದು ಚಟ್ ಎಂದು ಸಿಡಿಯಿತು. ಅವಳು ಅರ್ಧ ಎದ್ದಳು. ನಾನು ಕೈ ಹಿಡಿದೆ. ಸೂಸನಳ ಮಡಿಲಲ್ಲಿ ಕೂಸು ಮುಖ ಕಿವುಚಿ ರಾಗ ತೆಗೆಯತೊಡಗಿತು. ಗಿರಿಜಾ ಮತ್ತೆ ಕೂತಳು.

ಅರಿವೆ ಚಾಚಬೇಕೆಂದರೆ ಸೆರಗು ಅಡ್ಡ ಬರುತ್ತಿತ್ತು. ಅದನ್ನು ತೆಗೆದು ಎಡಭುಜದ ಹಿಂದೆ ಹಾಕಿಕೊಂಡಳು. ಸುಕ್ಕುಗಟ್ಟಿದ ಕತ್ತು, ಬಲಗೈ, ಎಲ್ಲ ಆ ಬೆಳಕಿನಲ್ಲಿ ಎಲ್ಲರಿಗೂ ಕಾಣುವಂತಿತ್ತು. ಎದುರಿಗೆ ಕೂತ ಹಿರಿಯ ಹೆಂಗಸು ನೋಡಿದಳು. ಗಿರಿಜಾಗೆ ಅದು ಗೊತ್ತಾಯಿತು, ಆದರೂ ಮುಚ್ಚಿಕೊಳ್ಳಲಿಲ್ಲ. ಕೆಂಡದ ಮೇಲೆ ಅರಿವೆ ಹಿಡಿದಳು, ಕೆನ್ನೆಗೆ ಹಚ್ಚಿ ನೋಡಿದಳು, ಸಾಲದು ಎಂದು ಮತ್ತೆ ಹಿಡಿದಳು. ಬೆಚ್ಚಗಿನ ಮಡಿಕೆ ಹೊಟ್ಟೆಯ ಮೇಲೆ ಬಿದ್ದಾಗ ಕೂಸು ಅಳುವ ನಡುವೆ ಒಮ್ಮೆ ನಿಂತು ಕೇಳಿಸಿಕೊಂಡಂತೆ ಮಾಡಿತು, ಮತ್ತೆ ಅತ್ತಿತು, ಮತ್ತೆ ನಿಂತಿತು. ಗಿರಿಜಾ ಕಾಸುತ್ತಲೇ ಇದ್ದಳು. ಕಟ್ಟೆಯ ಮೇಲಿನ ಜನ ಅವತ್ತು ಪಡುವಣ ಬಿಟ್ಟು ಅವಳ ಕೈಯನ್ನೇ ನೋಡುತ್ತಿದ್ದರು.

ಆಗ ಅವಳು ನನ್ನ ಮಗ್ಗುಲಿಗೆ ಮೊಣಕೈಯಿಂದ ತಿವಿದಳು. "ಒಂದೀಟು ಅತ್ಲಾಗ ಸರೀರಿ" ಎಂದಳು. "ಆವಾಗಿಂದ ನೋಡಾಕತ್ತೇನಿ, ಅಡ್ಡ ಕುಂತ್ರಿ. ಬೆಂಕಿ ನನಗ ಕಾಣವಲ್ದು."

ಆಗಲೇ ನನಗೆ ಗೊತ್ತಾದದ್ದು. ಆ ಸ್ಟೋ ಸಿಡಿದಂದಿನಿಂದ ಮನೆಯ ಒಲೆಯಾಗಲಿ, ದೇವರ ದೀಪವಾಗಲಿ, ಬೆಂಕಿ ಇದ್ದ ಕಡೆ ನಾನು, ಈ ಕಡೆ ಅವಳು. ಯಾರೂ ಹೇಳದೆ, ನನಗೇ ತಿಳಿಯದೆ, ಇಷ್ಟು ವರ್ಷ ನಾನು ಹಾಗೇ ಕೂತುಕೊಂಡು ಬಂದಿದ್ದೆ.

"ಹೂಂ, ಏಳ್ರಿ ಮತ್ತ" ಎಂದಳು.

ನಾನು ಎದ್ದು ಅವಳ ಇನ್ನೊಂದು ಬದಿಗೆ ಹೋಗಿ ಕೂತೆ.